ಏಳು ಲೋಟ ಈರುಳ್ಳಿ

ಈರುಳ್ಳಿ ಹೆಚ್ಚುವವರು ಸಾಮಾನ್ಯವಾಗಿ ಅದರ ತಳವನ್ನು ಕೊಯ್ದು ಕಸಕ್ಕೆ ಹಾಕುತ್ತಾರೆ. ನಾನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತೇನೆ. ಒಣಗಿದ ಗಡ್ಡದಂಥ ಆ ಬೇರಿನ ಕುಚ್ಚಿನೊಳಗೆ ಎಲ್ಲಾದರೂ ಬೆಳ್ಳಗಿನ ಒಂದು ಮೊನೆ ಕಂಡರೆ, ‘ಅಯ್ಯೋ, ಇದಕ್ಕಿನ್ನೂ ಜೀವ ಇದೆ’ ಎಂದು ಗೊಣಗಿಕೊಳ್ಳುತ್ತೇನೆ. ಅಷ್ಟರಲ್ಲಿ ಒಗ್ಗರಣೆಯ ಸಾಸಿವೆ ಸಿಡಿದು, ಕಪ್ಪಾಗಿ, ಹೊಗೆಯೆದ್ದಿರುತ್ತದೆ.

“ವಸೂ, ಸೀದ ವಾಸನೆ! ಮತ್ತೆ ಈರುಳ್ಳಿ ಹತ್ರ ಮಾತಾಡ್ತಾ ನಿಂತ್ಯಾ?” ಎಂದು ಹಜಾರದಿಂದ ನನ್ನ ಯಜಮಾನರು ಶ್ರೀಧರ ಕೂಗುತ್ತಾರೆ.

ಇದು ಹುಟ್ಟಿನಿಂದ ಬಂದ ಚಟವಲ್ಲ. ಐವತ್ತಕ್ಕೆ ಎರಡು ವರ್ಷ ಬಾಕಿಯಿದ್ದಾಗ, ಮಸ್ಕತ್ತಿನ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ಜೀವಶಾಸ್ತ್ರ ಓದಿ ಸಂಪಾದಿಸಿದ್ದು. ಈ ವಯಸ್ಸಿನಲ್ಲಿ ಹೆಂಗಸರು ಯೋಗಕ್ಕೆ ಸೇರುತ್ತಾರೆ, ಭಜನೆಗೆ ಸೇರುತ್ತಾರೆ, ಕೇಕಿಗೆ ಹೂವು ಬಿಡಿಸುವುದನ್ನು ಕಲಿಯುತ್ತಾರೆ. ನಾನು ಯಾಕೆ ಬೇರಿನ ತುದಿಗೆ ಬಿದ್ದೆ ಎಂದು ನೀವು ಕೇಳಿಯೇ ಕೇಳುತ್ತೀರಿ. ಎಲ್ಲರೂ ಕೇಳಿದ್ದಾರೆ.

ಕಾರಣ ಇಷ್ಟೇ. ನಾನು ಚಿಂತೆಯ ಗಿರಾಕಿ. ಲಿಫ್ಟು ಹತ್ತಿದರೆ ಅದು ನಡುವೆ ನಿಂತುಹೋದರೆ ಎಂದು ಚಿಂತೆ. ಹತ್ತದೆ ಮೆಟ್ಟಿಲಲ್ಲಿ ಹೋದರೆ ಮೊಣಕಾಲು ನಿಂತುಹೋದರೆ ಎಂದು ಚಿಂತೆ. ಎಡಗೈ ಜೋಮು ಹಿಡಿದರೆ ಫೋನಿನಲ್ಲಿ ಹುಡುಕುತ್ತೇನೆ. ಹುಡುಕಿ ಓದಿದ ಮೇಲೆ ಬಲಗೈಯೂ ಜೋಮು ಹಿಡಿಯುತ್ತದೆ. ರೂವಿಯ ಕ್ಲಿನಿಕ್ಕೊಂದರಲ್ಲಿ ನನ್ನನ್ನು ನೋಡುವ ವೈದ್ಯೆ ಬಹಳ ತಾಳ್ಮೆಯವರು. ಅವರೂ ಒಂದು ದಿನ ಸ್ಟೆತಾಸ್ಕೋಪನ್ನು ಮೇಜಿನ ಮೇಲಿಟ್ಟು, “ಮೇಡಂ, ಒಂದೋ ಓದೋದು ಬಿಡಿ, ಇಲ್ಲಾಂದ್ರೆ ಸರಿಯಾಗಿ ಓದಿ. ಈ ಅರ್ಧಂಬರ್ಧ ಓದಿನಿಂದ ನಿಮಗೂ ಕಷ್ಟ, ನನಗೂ ಕಷ್ಟ” ಎಂದರು. ಅವರು ಹೇಳಿದ್ದು ಮೊದಲನೆಯದನ್ನು ಮಾಡಲಿ ಎಂದು. ನಾನು ಎರಡನೆಯದನ್ನು ಹಿಡಿದುಕೊಂಡೆ.

ನಿಜ ಹೇಳಬೇಕೆಂದರೆ ಜೀವಶಾಸ್ತ್ರಕ್ಕೂ ನನಗೂ ಹಳೆಯ ಜಗಳವೊಂದಿತ್ತು. ಮೈಸೂರಿನಲ್ಲಿ ಏಳನೆಯ ಕ್ಲಾಸಿನಲ್ಲಿದ್ದಾಗ ವಿಜ್ಞಾನದ ಮೇಷ್ಟ್ರು ಎಲ್ಲರಿಗೂ ಒಂದೊಂದು ಅವರೆಕಾಳು ಕೊಟ್ಟು, ಖಾಲಿ ಔಷಧಿ ಬಾಟಲಿಯೊಳಗೆ ಒದ್ದೆ ಹತ್ತಿಯ ಮೇಲೆ ಮೊಳಕೆ ಬರಿಸಿ ತನ್ನಿ ಎಂದಿದ್ದರು. ನನ್ನದು ಮೊಳೆಯುತ್ತದೋ ಇಲ್ಲವೋ ಎಂಬ ಗಾಬರಿಯಲ್ಲಿ ನಾನು ಗಂಟೆಗೊಮ್ಮೆ ಅಕ್ಕನ ಹೇರ್‌ಪಿನ್ನಿನಿಂದ ಅದನ್ನು ಹೊರಕ್ಕೆಳೆದು, ತಿರುಗಿಸಿ ನೋಡಿ, ಮತ್ತೆ ಒಳಗಿಡುತ್ತಿದ್ದೆ. ವಾರದ ಮೇಲೆ ಎಲ್ಲರ ಬಾಟಲಿಯಲ್ಲೂ ಹಸಿರು ಬಾಲ. ನನ್ನದರಲ್ಲಿ ಕೊಳೆತ ವಾಸನೆ. ಮೇಷ್ಟ್ರು ಬಾಟಲಿಯನ್ನು ಮೂಗಿನ ಹತ್ತಿರ ತಂದು, ದೂರ ಹಿಡಿದು, “ಈ ಕಾಳು ಗಾಬರಿಯಿಂದ ಸತ್ತಿದೆ ಕಣ್ರೋ” ಎಂದರು. ಇಡೀ ಕ್ಲಾಸು ನಕ್ಕಿತು. ಪಿಯುಸಿಯಲ್ಲಿ ನಾನು ಕಾಮರ್ಸು ತೆಗೆದುಕೊಂಡದ್ದಕ್ಕೆ ಮನೆಯವರು ಬೇರೆ ಬೇರೆ ಕಾರಣ ಕೊಡುತ್ತಾರೆ. ಅಸಲು ಕಾರಣ ಆ ಅವರೆಕಾಳು.

ಕಾಲೇಜಿದ್ದದ್ದು ಅಲ್ ಮವಾಲೇಹ್ ದಾರಿಯಲ್ಲಿ. ನಮ್ಮ ಮನೆ ರೂವಿ ಪಕ್ಕದ ಹಮ್ರಿಯಾದಲ್ಲಿ. ಮೊದಲ ದಿನ ತಡವಾದೀತೆಂದು ಒಂದೂವರೆ ಗಂಟೆ ಮುಂಚೆ ಹೋದೆ. ಬಾಗಿಲಲ್ಲಿದ್ದ ಕಾವಲುಗಾರ ನನ್ನನ್ನು ಮೇಲಿಂದ ಕೆಳಗೆ ನೋಡಿ, ಏನೂ ಕೇಳದೆ, ಎಡಗಡೆಯ ಕೋಣೆಗೆ ಕೈ ತೋರಿಸಿದ. ಹೋಗಿ ಕುಳಿತೆ. ಒಬ್ಬರು ಬಂದು ಹಾಜರಿ ಹಾಳೆ ಕೊಟ್ಟರು, ಸಹಿ ಹಾಕಿದೆ. ಅರ್ಧ ಗಂಟೆಯ ನಂತರ ‘ನಿಮ್ಮ ಮಕ್ಕಳ ಮೊಬೈಲ್ ಗೀಳು’ ಎಂಬ ಭಾಷಣ ಶುರುವಾಯಿತು. ಅದು ಪೋಷಕರ ಸಭೆ. ಎದ್ದು ಹೋದರೆ ಯಾರೇನೆಂದುಕೊಂಡಾರೋ ಎಂದು ಪೂರ್ತಿ ಕೇಳಿ, ಕೊನೆಗೆ ಕೊಟ್ಟ ಖರ್ಜೂರ ತಿಂದು, ನನ್ನ ಮೊದಲ ತರಗತಿಗೆ ಇಪ್ಪತ್ತು ನಿಮಿಷ ತಡವಾಗಿ ಹೋದೆ.

ತರಗತಿಯಲ್ಲಿ ಎಲ್ಲ ಹತ್ತೊಂಬತ್ತು ಇಪ್ಪತ್ತರ ಒಮಾನಿ ಮಕ್ಕಳು. ಹುಡುಗಿಯರು ಕಪ್ಪು ಅಬಾಯಾದ ಮೇಲೆ ಬಿಳಿ ಲ್ಯಾಬ್ ಕೋಟು ತೊಟ್ಟರೆ ಅಂದವಾಗಿ ಕಾಣುತ್ತಿದ್ದರು. ಹುಡುಗರು ದಿಶ್‌ದಾಶಾ ಎಂಬ ಕಾಲುದ್ದದ ಬಿಳಿ ನಿಲುವಂಗಿಯ ಮೇಲೆ ಬಿಳಿ ಕೋಟು ಹಾಕಿದರೆ ಹಾಕಿದ್ದೇ ಗೊತ್ತಾಗುತ್ತಿರಲಿಲ್ಲ. ಎಷ್ಟೋ ಜನ ಹಾಕುತ್ತಲೂ ಇರಲಿಲ್ಲ. ಪಾಠ ಹೇಳುವ ಡಾಕ್ಟರ್ ಇದ್ರೀಸ್ ಸುಡಾನಿನವರು; ಎತ್ತರದ, ಮೆಲುದನಿಯ ಮನುಷ್ಯ. ಯಾರೇ ಆತುರ ಮಾಡಿದರೂ “ಶ್ವಯ್ಯಾ, ಶ್ವಯ್ಯಾ” ಎನ್ನುತ್ತಿದ್ದರು. ನಿಧಾನ, ನಿಧಾನ ಎಂದರ್ಥ. ಮೊದಲ ತಿಂಗಳಲ್ಲಿ ಅದನ್ನು ನನ್ನೊಬ್ಬಳಿಗೇ ಎಷ್ಟು ಸಲ ಹೇಳಿದರೆಂದರೆ ಹಿಂದಿನ ಬೆಂಚಿನವರು ನನಗೆ ಅದೇ ಹೆಸರಿಟ್ಟಿರಬಹುದು.

ಮನೆಯಲ್ಲಿ ಮಾತ್ರ ನನ್ನ ಓದು ಎಲ್ಲರಿಗೂ ಭಾರವಾಯಿತು. ಜೀರ್ಣಾಂಗದ ಪಾಠ ನಡೆದ ವಾರ ನನಗೆ ಹೊಟ್ಟೆಯುರಿ. ರಕ್ತ ಪರಿಚಲನೆಯ ವಾರ ಹುಳಿಗೆ ಉಪ್ಪು ಹಾಕುತ್ತ ನಾಡಿ ಎಣಿಸಿ, ಹಾಕಿದ ಉಪ್ಪಿನ ಲೆಕ್ಕ ತಪ್ಪಿಸಿದೆ. ಕಿಡ್ನಿಯ ವಾರದ ಕಥೆ ಬೇಡ ಬಿಡಿ. ಇಲ್ಲಿ ಕೆಲಸದ ವಾರ ಶುರುವಾಗುವುದು ಭಾನುವಾರ; ಶ್ರೀಧರ ಪ್ರತಿ ಭಾನುವಾರ ಬೆಳಿಗ್ಗೆ ಟೈ ಕಟ್ಟಿಕೊಳ್ಳುತ್ತ, “ಈ ವಾರ ಯಾವ ಚಾಪ್ಟರ್ ಅಂತ ಮೊದಲೇ ಹೇಳಿಬಿಡು. ಅದರ ಡಾಕ್ಟರ್ ಹತ್ರ ಅಪಾಯಿಂಟ್‌ಮೆಂಟ್ ತಗೊಂಡಿರ್ತೀನಿ” ಎನ್ನುತ್ತಿದ್ದರು. ಸಸ್ಯಗಳ ಪಾಠ ಬಂದಾಗ ಮನೆಮಂದಿಯೆಲ್ಲ ಉಸಿರು ಬಿಟ್ಟರು. ಎಲೆ ಹಳದಿಯಾಗುವ ರೋಗ ನನಗೆ ಬರುವಂತಿರಲಿಲ್ಲ.

ಲ್ಯಾಬಿನಲ್ಲಿ ಇಬ್ಬಿಬ್ಬರ ಜೋಡಿ. ನನಗೆ ಜೊತೆಯಾದವಳು ಮೈಮೂನಾ. ಮೊದಲ ದಿನ ನಾನು ತಡವಾಗಿ ಹೋದಾಗ ನನ್ನ ಹಿಂದೆಯೇ ಇನ್ನೂ ತಡವಾಗಿ ಬಂದಳು, ಉಳಿದದ್ದು ನಾವಿಬ್ಬರೇ. ಒಂದು ಕೈಯಲ್ಲಿ ಕರಕ್ ಚಹಾದ ಕಾಗದದ ಲೋಟ, ಇನ್ನೊಂದರಲ್ಲಿ ಕಾರಿನ ಕೀಲಿ. ಪೆನ್ನು ತಂದಿರಲಿಲ್ಲ. ನನ್ನ ಹತ್ತಿರ ಆರು ಪೆನ್ನಿದ್ದವು. ನಮ್ಮ ಜೋಡಿಯ ಸ್ವರೂಪ ಆ ದಿನವೇ ನಿಗದಿಯಾಯಿತು ಎನ್ನಬಹುದು. ಅವಳು ನನ್ನನ್ನು ಖಾಲತಿ, ಅಂದರೆ ಚಿಕ್ಕಮ್ಮಾ ಎಂದು ಕರೆದಳು. ಟಿವಿ ಧಾರಾವಾಹಿ ನೋಡಿ ಕಲಿತ ಹಿಂದಿ ಅವಳಿಗೆ ಚೆನ್ನಾಗಿ ಬರುತ್ತಿತ್ತು. ಹಾಗಾಗಿ ಗಾಜಿನ ಸ್ಲೈಡು ಒಡೆದರೂ ಸಾಕು, ಎದೆಗೆ ಕೈಯಿಟ್ಟು, “ಯೇ ನಹೀ ಹೋ ಸಕ್ತಾ!” ಎಂದು ಅತ್ತೆಯ ಕುತಂತ್ರ ಬಯಲಾದ ಸೊಸೆಯ ಧಾಟಿಯಲ್ಲಿ ಹೇಳಿ, ಮರುಕ್ಷಣ “ಮಾಫಿ ಮುಷ್ಕಿಲ್, ಏನೂ ತೊಂದರೆಯಿಲ್ಲ” ಎಂದು ಇನ್ನೊಂದು ಸ್ಲೈಡು ಎತ್ತಿಕೊಳ್ಳುತ್ತಿದ್ದಳು. ನಾವಿಬ್ಬರೂ ಇಂಗ್ಲಿಷು, ಹಿಂದಿ, ಕೈಸನ್ನೆಗಳನ್ನು ಕಲಸಿ ಮಾತಾಡುತ್ತಿದ್ದೆವು. ಇಲ್ಲಿ ಅದನ್ನು ಕನ್ನಡದಲ್ಲೇ ಬರೆಯುತ್ತೇನೆ.

ಏನೂ ತೊಂದರೆಯಿಲ್ಲ ಎನ್ನುವ ಆ ಹುಡುಗಿಗೆ ಒಂದು ತೊಂದರೆ ಇತ್ತು. ಕ್ಯಾಂಟೀನಿನಲ್ಲಿ ಒಂದು ದಿನ ಸಮೋಸ ಮುರಿಯುತ್ತ ಹೇಳಿದಳು. ಅವಳಿಗೆ ನರ್ಸಿಂಗಿಗೆ ಸೇರಬೇಕು. ಅದಕ್ಕೆ ಜೀವಶಾಸ್ತ್ರದಲ್ಲಿ ಕಡಿಮೆಯೆಂದರೆ ‘ಬಿ’ ಬರಬೇಕು. ಹೋದ ವರ್ಷ ಸ್ವಲ್ಪದರಲ್ಲಿ ತಪ್ಪಿತ್ತು. ಇದು ಎರಡನೆಯ ಸಲ. ಮೂರನೆಯ ಸಲಕ್ಕೆ ಕಾಲೇಜಿನಲ್ಲಿ ಅವಕಾಶವಿಲ್ಲ.

“ನರ್ಸಿಂಗೇ ಯಾಕೆ?” ಎಂದೆ.

“ನಮ್ಮಜ್ಜಿಯ ಕಾಲಲ್ಲಿ ಗಾಯ ಆಗಿತ್ತು ಖಾಲತಿ. ದೊಡ್ಡದು. ತೊಳೆಯೋವಾಗ ಮನೆಯವರೆಲ್ಲ ಮುಖ ತಿರುಗಿಸೋರು. ನನಗೆ ಮಾತ್ರ ನೋಡಬೇಕು ಅನ್ನಿಸೋದು. ದಿನಾ ಎಷ್ಟು ಕಮ್ಮಿಯಾಯ್ತು ಅಂತ.” ಸಮೋಸದ ಉಳಿದರ್ಧವನ್ನು ನನ್ನ ತಟ್ಟೆಗಿಟ್ಟಳು. “ಆಮೇಲೆ ಗೊತ್ತಾಯ್ತು, ಎಲ್ಲರಿಗೂ ಹಾಗನ್ನಿಸಲ್ಲ ಅಂತ.”

ಆ ಸಂಜೆ ಬಸ್ಸಿನಲ್ಲಿ ರೂವಿಗೆ ಬರುವಾಗ ಸುಮ್ಮನೆ ಕೂರಲಾಗಲಿಲ್ಲ. ಯಾಕೆಂದರೆ ವರ್ಷದ ಕೊನೆಯ ಪ್ರಾಕ್ಟಿಕಲ್ ಪರೀಕ್ಷೆಗೆ ಜೋಡಿಗೆ ಒಂದೇ ಅಂಕ. ನನಗೆ ಬಂದದ್ದೇ ಅವಳಿಗೆ. ನನ್ನ ಬೆರಳು ನಡುಗಿದರೆ ಅವಳ ನರ್ಸಿಂಗು ಹೋದಂತೆ. ನನಗೋಸ್ಕರ ಚಿಂತಿಸಿ ನನಗೆ ಅಭ್ಯಾಸವಿತ್ತು. ಈಗ ಹೆಚ್ಚಿನ ಹೊಣೆ ಬೇರೆ ಬಂತು.

ಪರೀಕ್ಷೆಯ ವಿಷಯ ಈರುಳ್ಳಿ ಬೇರು. ಈರುಳ್ಳಿಯ ತಳ ನೀರಿಗೆ ತಾಗುವಂತೆ ಮೂರು ನಾಲ್ಕು ದಿನ ಇಟ್ಟರೆ ಬಿಳಿಯ ಬೇರು ಇಳಿಯುತ್ತದೆ. ಅದರ ತುದಿಯಲ್ಲಿ ಜೀವಕೋಶಗಳು ಒಂದೇ ಸಮನೆ ಎರಡೆರಡಾಗುತ್ತಿರುತ್ತವೆ. ಆ ತುದಿಯನ್ನು ಕತ್ತರಿಸಿ, ಆಮ್ಲದಲ್ಲಿ ಮೆತ್ತಗಾಗಿಸಿ, ಕೆಂಪು ಬಣ್ಣ ಹಾಕಿ, ಸ್ಲೈಡಿನ ಮೇಲಿಟ್ಟು, ಉಗುರಿಗಿಂತ ತೆಳುವಾದ ಗಾಜಿನ ಚೂರು ಮುಚ್ಚಿ, ಹೆಬ್ಬೆರಳಲ್ಲಿ ಒತ್ತಿ, ಸೂಕ್ಷ್ಮದರ್ಶಕದಲ್ಲಿ ಇಬ್ಭಾಗವಾಗುತ್ತಿರುವ ಕೋಶವೊಂದನ್ನು ಹುಡುಕಿ ತೋರಿಸಬೇಕು. ಈರುಳ್ಳಿ ನಾವೇ ಬೆಳೆಸಿ ತರಬೇಕು. ಅಭ್ಯಾಸದ ದಿನಗಳಲ್ಲಿ ಒತ್ತುವ ಕೆಲಸ ಮೈಮೂನಾಳದು, ಹುಡುಕುವ ಕೆಲಸ ನನ್ನದು. ನಾನು ಒತ್ತಿದರೆ ಗಾಜು ಪಟ್ಟೆಂದು ಒಡೆಯುತ್ತಿತ್ತು. ಗಾಬರಿಯೆಲ್ಲ ಹೆಬ್ಬೆರಳಿಗೆ ಇಳಿಯುತ್ತದೆ ನೋಡಿ. ಅಡುಗೆಮನೆ ಬಲ್ಲವಳು ಎಂಬ ಕಾರಣಕ್ಕೆ ಈರುಳ್ಳಿಯ ಜವಾಬ್ದಾರಿ ನನಗೇ ಬಂತು.

ಪರೀಕ್ಷೆ ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ. ಗುರುವಾರವೇ ಮವಾಲೇಹ್ ತರಕಾರಿ ಮಾರುಕಟ್ಟೆಗೆ ಹೋದೆ. “ಬೇರು ಬರುವಂಥ ಈರುಳ್ಳಿ ಕೊಡಿ” ಎಂದು ಕೇಳಿದ್ದಕ್ಕೆ ಅಂಗಡಿಯವನಿಗೆ ಅವಮಾನವಾಯಿತು. “ಭಾಭೀ, ಅಂಥ ಹಳೇ ಮಾಲು ನನ್ನ ಹತ್ರ ಇಲ್ಲ. ಬೇಕಾದ್ರೆ ಪಕ್ಕದ ಅಂಗಡೀಲಿ ಕೇಳಿ, ಅವನ ಹತ್ರ ಎಲ್ಲಾ ಅದೇ” ಎಂದ. ಕೆಲವು ಈರುಳ್ಳಿ ಮೊಳೆಯದಂತೆ ಏನೋ ಮಾಡಿರುತ್ತಾರಂತೆ ಎಂದು ಕೇಳಿದ್ದರಿಂದ ಭಾರತದ್ದು, ಪಾಕಿಸ್ತಾನದ್ದು, ಇಲ್ಲಿಯದೇ ಒಮಾನಿನದು ಎಂದು ಮೂರು ದೇಶದವನ್ನು ಆರಿಸಿಕೊಂಡೆ. ಒಟ್ಟು ಏಳು. ಒಂದು ಸಾಕಿತ್ತು. ಆದರೆ ಒಂದು ಕೊಳೆತರೆ? ಎರಡನೆಯದು ಬಿದ್ದರೆ? ಹಾಗೆ ಏಳಕ್ಕೆ ಬಂದು ನಿಂತದ್ದು ನನ್ನ ಮಟ್ಟಿಗೆ ಸಂಯಮವೇ.

ಅಡುಗೆಮನೆಯ ಕಿಟಕಿಯಲ್ಲಿ ಏಳು ಗಾಜಿನ ಲೋಟ, ಏಳರ ಬಾಯಿಯಲ್ಲೂ ಹಲ್ಲುಕಡ್ಡಿ ಚುಚ್ಚಿಸಿಕೊಂಡು ಕುಳಿತ ಈರುಳ್ಳಿ. ಮನೆಯಲ್ಲಿ ಇದ್ದದ್ದೇ ಏಳು ಗಾಜಿನ ಲೋಟ. ಹನ್ನೊಂದನೆಯ ಕ್ಲಾಸಿನ ಮಗಳು ಅದಿತಿ ಸಾರಿನ ಬಟ್ಟಲಲ್ಲಿ ಜ್ಯೂಸು ಕುಡಿಯುತ್ತ, “ಅಮ್ಮಾ, ಇಟ್ಸ್ ಜಸ್ಟ್ ಆ್ಯನ್ ಆನಿಯನ್” ಎಂದಳು. ಎರಡು ತಿಂಗಳ ವೀಸಾದ ಮೇಲೆ ಮೈಸೂರಿನಿಂದ ಬಂದಿದ್ದ ನಮ್ಮತ್ತೆ ಕಿಟಕಿಯ ಮುಂದೆ ನಿಂತು ಸಾಲನ್ನು ಒಂದು ಸಲ ದಿಟ್ಟಿಸಿದರು.

“ದೇವರ ಮನೇಲಿ ದೀಪದ ಎಣ್ಣೆ ಮುಗಿದು ಎರಡು ದಿನ ಆಯ್ತು. ಇಲ್ಲಿ ನೋಡಿದ್ರೆ ಈರುಳ್ಳಿಗೆ ಆರತಿ ಎತ್ತೋದೊಂದು ಬಾಕಿ.”

“ಪರೀಕ್ಷೆಗೆ ಅತ್ತೆ.”

“ಪರೀಕ್ಷೇಲಿ ಇದನ್ನೇನು ಹೆಚ್ಚಿ ತೋರಿಸ್ಬೇಕಾ? ಅಷ್ಟಕ್ಕೆ ಕಾಲೇಜು ಯಾಕೆ, ನಾನೇ ಪಾಸು ಮಾಡ್ತಿದ್ದೆ.”

ದಿನಕ್ಕೆರಡು ಸಲ ನೀರು ಬದಲಿಸಿದೆ. ಕಿಟಕಿಯ ಬಿಸಿಲು ಹೆಚ್ಚಾಯಿತೇ ಎಂದು ಮೈಮೂನಾಗೆ ಫೋನು ಮಾಡಿದೆ. ಎಸಿಯ ಗಾಳಿ ತಾಗಿತೇ ಎಂದು ಮತ್ತೆ ಮಾಡಿದೆ. ಬೇರು ಬಂತು ಎಂದು ಹೇಳಲು ಮಾಡಿದೆ. ಒಂದರ ಬೇರು ಸೊಟ್ಟಗಿದೆ ಎಂದು ಹೇಳಲು ಮಾಡಿದೆ. ಅವಳು ಪ್ರತಿಸಲವೂ “ಮಾಫಿ ಮುಷ್ಕಿಲ್ ಖಾಲತಿ” ಎಂದಳು. ಕರೆಂಟು ಹೋದರೆ, ಟ್ಯಾಕ್ಸಿ ಸಿಗದಿದ್ದರೆ, ಟ್ಯಾಕ್ಸಿಯಲ್ಲಿ ಲೋಟ ಉರುಳಿದರೆ ಎಂದೆಲ್ಲ ಯೋಚಿಸಿ ಪಟ್ಟಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಆ ಪಟ್ಟಿಯಲ್ಲಿ ಪಂಚಾಂಗ ಇರಲಿಲ್ಲ.

ಶನಿವಾರ ಮಧ್ಯಾಹ್ನ ಅತ್ತೆ ಕನ್ನಡಕ ಏರಿಸಿ ಪಂಚಾಂಗದ ಮೇಲೆ ಬೆರಳಾಡಿಸುತ್ತ, “ಸೋಮವಾರ ಮಾವನೋರ ತಿಥಿ ಕಣೇ” ಎಂದರು.

ಮಾವ ಹೋಗಿ ಆರು ವರ್ಷವಾಯಿತು. ತಿಥಿ ಪ್ರತಿವರ್ಷ ಕ್ಯಾಲೆಂಡರಿನಲ್ಲಿ ಹಿಂದೆ ಮುಂದೆ ಸರಿಯುತ್ತದೆ. ಸಾಮಾನ್ಯವಾಗಿ ಅದನ್ನು ತಿಂಗಳ ಮೊದಲೇ ನೋಡಿಕೊಂಡು ಚಿಂತೆ ಶುರುಮಾಡುವವಳು ನಾನೇ. ಈ ವರ್ಷ ಚಿಂತೆಯೆಲ್ಲ ಈರುಳ್ಳಿಗೆ ಖರ್ಚಾಗಿತ್ತು. ತಕ್ಷಣ ತಲೆ ಹೊಸ ಹಳಿಗೆ ಬಿತ್ತು. ಬಾಳೆಲೆ ಸಿಗುತ್ತದಾ, ದರ್ಭೆ ಎಲ್ಲಿಟ್ಟಿದ್ದೇನೆ, ಕಪ್ಪು ಎಳ್ಳು ಇದೆಯಾ? ತಿಥಿ ಮಾಡಿಸುವ ಪುರೋಹಿತರು ಮೈಸೂರಿನಲ್ಲಿ; ನಮಗೆ ಅವರು ಫೋನಿನ ಪರದೆಯಲ್ಲಿ. ನೆಟ್ಟು ಕೈಕೊಟ್ಟರೆ? ಅವರ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ. ನಮ್ಮ ಪಾಯಸ ಕುದಿಯುವ ಹೊತ್ತಿಗೆ ಅವರು ಊಟಕ್ಕೆ ಎದ್ದುಬಿಟ್ಟರೆ?

ತಿಥಿಯ ಹಿಂದಿನ ದಿನ ನಮ್ಮ ಮನೆಯಿಂದ ಈರುಳ್ಳಿ ಬೆಳ್ಳುಳ್ಳಿ ಹೊರಗೆ ಹೋಗಬೇಕು. ಅದಕ್ಕೊಂದು ಹಳೆಯ ವ್ಯವಸ್ಥೆಯಿದೆ. ಎದುರು ಫ್ಲ್ಯಾಟಿನ ಶಕುಂತಲಕ್ಕ ಉಡುಪಿ ಕಡೆಯವರು, ಮನೆಯಲ್ಲಿ ತುಳು ಮಾತಾಡುವವರು. ನಮ್ಮ ಈರುಳ್ಳಿ ಬುಟ್ಟಿ ಎರಡು ದಿನ ಅವರ ಅಡುಗೆಮನೆಯಲ್ಲಿ ವನವಾಸ ಮಾಡಿ ಬರುತ್ತದೆ. ಅದರಲ್ಲಿ ಕೆಡುವಂಥದ್ದೇನಾದರೂ ಇದ್ದರೆ ಅವರು ಬಳಸಿಕೊಳ್ಳಬೇಕು ಎಂಬುದು ಆರು ವರ್ಷದಿಂದ ಎರಡೂ ಮನೆ ಪಾಲಿಸಿಕೊಂಡು ಬಂದಿರುವ ಕಾನೂನು. ಬೇಡವೆಂದರೂ ಕೇಳದೆ ಅದನ್ನು ಮಾಡಿದವಳು ನಾನೇ.

ಭಾನುವಾರ ಸಂಜೆ ಅಡುಗೆಮನೆ ತೊಳೆಯಲು ಸೆರಗು ಸಿಕ್ಕಿಸಿದೆ. ಅತ್ತೆ ಹಿಂದಿನಿಂದ, “ಎಲ್ಲಾ ಆಚೆ ಹೋಯ್ತಾ? ಒಂದು ಸಿಪ್ಪೇನೂ ಇರಬಾರದು” ಎನ್ನುತ್ತಿದ್ದರು. ನೀವು ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಬುಟ್ಟಿಯ ಜೊತೆಗೆ ಕಿಟಕಿಯ ಏಳು ಲೋಟಗಳನ್ನೂ ದೊಡ್ಡ ತಟ್ಟೆಯಲ್ಲಿಟ್ಟು ಎದುರು ಮನೆಗೆ ಹೊತ್ತದ್ದು ಈ ನನ್ನ ಕೈಗಳೇ. ಎಚ್ಚರದಿಂದಲೇ ಹೊತ್ತೆ, ಒಂದು ಹನಿ ನೀರು ಚೆಲ್ಲಲಿಲ್ಲ. ಮಂಗಳವಾರ ಬೆಳಿಗ್ಗೆ ತಂದರಾಯಿತು, ಅಲ್ಲಿ ಕ್ಷೇಮವಾಗಿರುತ್ತವೆ ಎಂದು ಲೆಕ್ಕ. ಶಕುಂತಲಕ್ಕ ಬಾಗಿಲು ತೆರೆದರು. ಇವು ಅಡುಗೆಗಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನಮ್ಮ ಮನೆಯೊಳಗಿಂದ ಅತ್ತೆ, “ವಸೂ, ಪುರೋಹಿತರ ಫೋನು!” ಎಂದರು. ಓಡಿದೆ. ಹೇಳಬೇಕಾದ ಮಾತು ಬಾಯಲ್ಲೇ ಉಳಿಯಿತು. ಉಳಿದದ್ದು ನನಗೆ ಗೊತ್ತಾಗಲೂ ಇಲ್ಲ. ಎರಡು ದಿನ ಹೇಳಿದ್ದೇನೆ ಎಂದೇ ತಿಳಿದಿದ್ದೆ.

ತಿಥಿ ಸಾಂಗವಾಗಿ ನಡೆಯಿತು. ನೆಟ್ಟು ಕೈಕೊಡಲಿಲ್ಲ. ಪುರೋಹಿತರು “ಬೇಗ ಬೇಗ, ಇಲ್ಲಿ ಆಗಲೇ ಹನ್ನೆರಡೂವರೆ” ಎಂದು ಅವಸರಿಸಿದ್ದು ಬಿಟ್ಟರೆ ಬೇರೆ ವಿಘ್ನವಿಲ್ಲ. ಸಂಜೆ ಬಾಲ್ಕನಿಯಲ್ಲಿ ಕುಳಿತಾಗ ಎಲ್ಲಿಂದಲೋ ಈರುಳ್ಳಿ ಬಜ್ಜಿ ಕರಿಯುವ ಪರಿಮಳ ತೇಲಿಬಂತು. ಹೊಟ್ಟೆ ತುಂಬಿದ್ದರೂ ಆಸೆಯಾಯಿತು. ‘ಯಾರ ಮನೆಯದೋ, ಪುಣ್ಯವಂತರು’ ಎಂದುಕೊಂಡೆ.

ಮಂಗಳವಾರ ಬೆಳಿಗ್ಗೆ ಏಳಕ್ಕೆ ಎದುರು ಮನೆಯ ಬೆಲ್ಲು ಒತ್ತಿದೆ. ಶಕುಂತಲಕ್ಕ ನಗುತ್ತ ಬಂದು ಸ್ಟೀಲಿನ ಡಬ್ಬಿಯೊಂದನ್ನು ಕೈಗಿತ್ತರು.

“ತಕೋ, ನಿನ್ನೆ ಸಂಜೆಯೇ ಕೊಡುವ ಅಂತ ಇದ್ದೆ. ತಿಥಿ ದಿನ ಹೇಗೆ ಕೊಡುದು ಅಂತ ಇಟ್ಟುಕೊಂಡೆ. ಸ್ವಲ್ಪ ಮೆತ್ತಗಾಗಿರ್ತದೆ, ಬಿಸಿ ಮಾಡಿ ತಿನ್ನಿ.”

ಡಬ್ಬಿ ತೆರೆದೆ. ಬಜ್ಜಿ. ಅವರ ಹಿಂದೆ ಅಡುಗೆಮನೆಯ ಕಟ್ಟೆಯ ಮೇಲೆ ನನ್ನ ಏಳು ಲೋಟಗಳು ತೊಳೆದು ಬೋರಲು ಹಾಕಿಸಿಕೊಂಡು ಫಳಫಳ ಹೊಳೆಯುತ್ತಿದ್ದವು.

“ಶಕುಂತಲಕ್ಕ… ಲೋಟದಲ್ಲಿದ್ದವು?”

“ಅದೇ ಮಾರಾಯ್ತಿ, ಇಷ್ಟಿಷ್ಟುದ್ದ ಬೇರು ಬಿಟ್ಟಿತ್ತು! ಇನ್ನು ಇಟ್ರೆ ಹಾಳಾಗ್ತದೆ ಅಂತ ನಿನ್ನೆ ನೀರುಳ್ಳಿ ಬಜೆ ಮಾಡಿದೆ.”

“ಬೇರು ಎಲ್ಲಿ?”

“ಬೇರಾ? ಬೇರನ್ನ ಎಂತಕ್ಕೆ? ಕಸಕ್ಕೆ ಹಾಕಿದೆ. ರಾತ್ರಿಯೇ ಹೋಯ್ತು ಕಸ.” ನನ್ನ ಮುಖ ನೋಡಿ ಅವರ ನಗು ಇಳಿಯಿತು. “ಎಂತಾಯ್ತು? ತಿಥಿ ಮುಗೀತಲ್ಲ, ಇವತ್ತು ತಿನ್ಲಿಕ್ಕೆ ಆಗುದಿಲ್ವಾ?”

ಹೇಳಿದೆ. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. “ಅಯ್ಯೋ ದೇವರೇ, ಆ ಹುಡುಗಿಯ ಪರೀಕ್ಷೆಯನ್ನ ನಾವೆಲ್ಲ ಕೂತು ಚಟ್ನಿ ಹಚ್ಚಿ ತಿಂದದ್ದಾ!”

ಮುಂದಿನದು ಚೆನ್ನಾಗಿ ನೆನಪಿಲ್ಲ. ಟ್ಯಾಕ್ಸಿ ಸಿಕ್ಕಿತು. ದಾರಿಯಲ್ಲಿ ಅಂಗಡಿಯೊಂದರ ಮುಂದೆ ನಿಲ್ಲಿಸಿ, ಬೇರು ಸಮೇತ ಕಟ್ಟು ಕಟ್ಟಿದ ಈರುಳ್ಳಿ ಸೊಪ್ಪು ತೆಗೆದುಕೊಂಡೆ. ಫ್ರಿಜ್ಜಿನಲ್ಲಿಟ್ಟಿದ್ದರು, ಕೈಗೆ ಮಂಜಿನಂತೆ ತಣ್ಣಗಿತ್ತು. ಇಂಥ ಬೇರಿನಲ್ಲಿ ಕೋಶಗಳು ನಿದ್ದೆ ಮಾಡುತ್ತಿರುತ್ತವೆ, ಏನೂ ಕಾಣಿಸದು ಎಂದು ಓದಿದ್ದೆ. ಸರಿಯಾಗಿ ಓದಿದ್ದರ ಕಷ್ಟ ಅದು. ಅರ್ಧ ಓದಿದ್ದರೆ ಮಾರ್ಗದುದ್ದಕ್ಕೂ ಆಸೆಯಾದರೂ ಇರುತ್ತಿತ್ತು.

ಲ್ಯಾಬಿನ ಬಾಗಿಲಲ್ಲಿ ಮೈಮೂನಾ ನನಗಿಂತ ಮೊದಲೇ ಬಂದು ನಿಂತಿದ್ದಳು. ಮೊದಲೇ ಬಂದಿದ್ದಳು! ಸೊಪ್ಪಿನ ಕಟ್ಟನ್ನು ಎದೆಗವಚಿಕೊಂಡು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ: ಮಾವನ ತಿಥಿ, ಬುಟ್ಟಿ, ಪುರೋಹಿತರ ಫೋನು, ಬಜ್ಜಿ. ಅವಳು “ಯೇ ನಹೀ ಹೋ ಸಕ್ತಾ” ಎನ್ನಲಿಲ್ಲ.

“ಏಳೂ ತಿಂದ್ರಾ?”

“ಏಳೂ.”

ಅವಳು ಬೆಂಚಿನ ಮೇಲಿದ್ದ ಚೀಲದಿಂದ ಕರಕ್ ಚಹಾದ ಕಾಗದದ ಲೋಟವೊಂದನ್ನು ಎರಡೂ ಕೈಯಲ್ಲಿ ಹಿಡಿದು ಹೊರತೆಗೆದಳು. ಮುಚ್ಚಳದ ತೂತು ದೊಡ್ಡದು ಮಾಡಿ ಕೂರಿಸಿದ ಪುಟ್ಟ ಈರುಳ್ಳಿ. ಎತ್ತಿ ತೋರಿಸಿದಳು. ಕೆಳಗೆ ಎಳೆಯ ಬಿಳಿ ಬೇರುಗಳು, ಮೂರು.

“ನೀವು ನಾಲ್ಕು ದಿನದಲ್ಲಿ ಹನ್ನೊಂದು ಸಲ ಫೋನ್ ಮಾಡಿದ್ರಿ ಖಾಲತಿ. ಮೊದಲ ಸಲ ನಕ್ಕೆ. ಮೂರನೇ ಸಲಕ್ಕೆ ನನಗೂ ಭಯ ಶುರುವಾಯ್ತು. ಇಷ್ಟು ಓದಿದೋರು ಇಷ್ಟು ಹೆದರ್ತಾರೆ ಅಂದ್ರೆ ಏನೋ ಆಗೇ ಆಗುತ್ತೆ ಅಂತ ಅಮ್ಮನ ಬುಟ್ಟಿಯಿಂದ ಒಂದು ಕದ್ದೆ.” ಆಮೇಲೆ ಮೆಲ್ಲಗೆ, “ಎರಡು ದಿನದಿಂದ ನಿದ್ದೆ ಇಲ್ಲ. ನೀವು ದಿನಾ ಹೀಗೇನಾ ಇರೋದು?” ಎಂದಳು.

“ದಿನಾ” ಎಂದೆ.

ಮೂರು ಬೇರು ಎಂದರೆ ಮೂರು ಅವಕಾಶ. ಪರೀಕ್ಷಕರಾಗಿ ಡಾಕ್ಟರ್ ಇದ್ರೀಸರೇ ಬಂದರು. ಗಡಿಯಾರ ನೋಡಿ ಒಂದು ಗಂಟೆ ಕೊಟ್ಟರು. ಮೊದಲ ಬೇರನ್ನು ಮೈಮೂನಾ ಒತ್ತಿದಳು. ಹೆಬ್ಬೆರಳು ಜಾರಿತು, ಗಾಜಿನ ಕೆಳಗಿನದೆಲ್ಲ ಮುದ್ದೆಯಾಗಿ ಒಂದು ಮೂಲೆಗೆ ಹೋಯಿತು. ಎರಡನೆಯದನ್ನು ಒತ್ತಿದಾಗ ಗಾಜು ಪಟ್ಟೆಂದಿತು. ಆ ಸದ್ದು ನನಗೆ ಬಹಳ ಪರಿಚಿತ. ಆದರೆ ಅವಳು ಒತ್ತಿದಾಗ ಇಡೀ ವರ್ಷದಲ್ಲಿ ಒಮ್ಮೆಯೂ ಅದು ಕೇಳಿಸಿರಲಿಲ್ಲ. ಮೂರನೆಯ ಬೇರಿನ ತುದಿ ಕೆಂಪು ಬಣ್ಣದಲ್ಲಿ ಜೀರಿಗೆಯಷ್ಟು ಮಲಗಿತ್ತು. ಅವಳು ಅದನ್ನು ನನ್ನ ಕಡೆ ಸರಿಸಿದಳು.

“ನೀವು ಮಾಡಿ. ನನ್ನಿಂದ ಆಗಲ್ಲ.”

ವಿಚಿತ್ರವೆಂದರೆ ಆಗ ನನಗೆ ಯಾವ ಚಿಂತೆಯೂ ಇರಲಿಲ್ಲ. ಆಗಬಹುದಾದ ಕೆಟ್ಟದ್ದು ಬೆಳಿಗ್ಗೆ ಏಳಕ್ಕೇ ಆಗಿಹೋಗಿ, ಡಬ್ಬಿಯಲ್ಲಿ ತುಂಬಿ ಕೈಗೆ ಬಂದಿತ್ತು. ಕಲ್ಪಿಸಿಕೊಳ್ಳಲು ಇನ್ನೇನೂ ಉಳಿದಿರಲಿಲ್ಲ. ಗಾಜು ಮುಚ್ಚಿದೆ, ಮೇಲೆ ಕಾಗದ ಮಡಚಿಟ್ಟೆ. ನಿಪ್ಪಟ್ಟು ತಟ್ಟುವಾಗ ನೋಡಿ, ಬಲ ಹಾಕಿದರೆ ಅಂಚು ಬಿರಿಯುತ್ತದೆ. ಬೆರಳಿನ ಭಾರವನ್ನಷ್ಟೇ ಕೊಟ್ಟು ಸುಮ್ಮನಿರಬೇಕು. ಹಾಗೆ ಕೊಟ್ಟು ಸುಮ್ಮನಿದ್ದೆ. ಹತ್ತು ಎಣಿಸಿ ತೆಗೆದೆ. ಗಾಜು ಇಡಿಯಾಗಿತ್ತು.

ಹುಡುಕುವ ಕೆಲಸ ಅವಳಿಗೆ ಬಿಟ್ಟೆ. ಅವಳು ಕಣ್ಣನ್ನು ಸೂಕ್ಷ್ಮದರ್ಶಕಕ್ಕೆ ಅಂಟಿಸಿ ಬಹಳ ಹೊತ್ತು ಸ್ಲೈಡನ್ನು ಕೂದಲೆಳೆಯಷ್ಟೇ ಸರಿಸುತ್ತ ಹೋದಳು. ಆಮೇಲೆ ನನ್ನ ಮಣಿಕಟ್ಟು ಹಿಡಿದು ಎಳೆದಳು. ನೋಡಿದೆ. ಇಟ್ಟಿಗೆಯ ಗೋಡೆಯಂಥ ಕೋಶಗಳ ಸಾಲಿನ ನಡುವೆ ಒಂದೇ ಒಂದು ಕೋಶದೊಳಗೆ ಕೆಂಪು ದಾರದ ತುಂಡುಗಳು ಎರಡು ಗುಂಪಾಗಿ, ಒಂದು ಆ ಕಡೆಗೆ ಒಂದು ಈ ಕಡೆಗೆ, ಹೊರಡುವ ಬಸ್ಸಿಗೆ ಓಡುವವರ ಹಾಗೆ ಹೊರಟಿದ್ದವು. ಓಡುವ ಹೊತ್ತಿಗೆ ನಾವು ಅವನ್ನು ಹಿಡಿದು ನಿಲ್ಲಿಸಿದ್ದೆವು.

ಡಾಕ್ಟರ್ ಇದ್ರೀಸ್ ಬಗ್ಗಿ ನೋಡಿದರು. ತಲೆಯೆತ್ತಲಿಲ್ಲ.

“ಯಾವ ಹಂತ?” ಎಂದರು.

“ಅನಾಫೇಸ್” ಎಂದಳು ಮೈಮೂನಾ. ದನಿ ಗಟ್ಟಿಯಾಗಿತ್ತು.

“ಬೇರನ್ನು ಬೆಳಿಗ್ಗೆಯೇ ಯಾಕೆ ಕತ್ತರಿಸಬೇಕು?” ಎಂದು ನನ್ನ ಕಡೆ ತಿರುಗಿದರು. ನಾನು ಬೆಳಗಿನಿಂದ ಶುರುಮಾಡಿ, ಕೋಶ ವಿಭಜನೆಯ ವೇಗ, ಅದು ಹದ ತಪ್ಪಿದರೆ ಬರುವ ರೋಗಗಳು, ಅವುಗಳಲ್ಲಿ ನನಗೆ ಬಂದಿರಬಹುದೆಂದು ಅನುಮಾನವಿರುವವು ಎಂದು ಹೇಳುತ್ತ ಹೋದೆ. ಅವರು ಕೈಯೆತ್ತಿ, “ಶ್ವಯ್ಯಾ, ಶ್ವಯ್ಯಾ” ಎಂದರು. ನಗುತ್ತಿದ್ದರು.

ಮೈಮೂನಾಗೆ ‘ಬಿ’ ಬಂತು. ಲಿಖಿತ ಪರೀಕ್ಷೆಯಲ್ಲಿ ಒಂದೇ ಪ್ರಶ್ನೆಗೆ ಆರು ಪುಟ ಬರೆದು ಉಳಿದವಕ್ಕೆ ಹೊತ್ತು ಸಾಲದೆ ಹೋದ ನನಗೆ ಒಂದು ಮೆಟ್ಟಿಲು ಕೆಳಗಿನದು. ಅವಳು ನರ್ಸಿಂಗಿಗೆ ಸೇರಿದಳು.

ಮೂರು ತಿಂಗಳ ಮೇಲೆ ಒಂದು ಶುಕ್ರವಾರ ಮಧ್ಯಾಹ್ನ ಹಮ್ರಿಯಾದ ನಮ್ಮ ಮನೆಗೆ ಬಂದಳು. ಹತ್ತು ಜನರ ರಕ್ತದೊತ್ತಡ ಅಳೆದು ಪುಸ್ತಕದಲ್ಲಿ ಬರೆದುಕೊಂಡು ಹೋಗಬೇಕಂತೆ. ಶ್ರೀಧರ, ಅದಿತಿ ತೋಳು ಚಾಚಿದರು. ಶಕುಂತಲಕ್ಕ ಬಿಸಿ ಬಿಸಿ ಗೋಳಿಬಜೆ ಹಿಡಿದುಕೊಂಡು ಬಂದು, ತಾವೂ ಕುಳಿತರು. ಅವರದು ಎಲ್ಲರಿಗಿಂತ ಸರಿಯಾಗಿತ್ತು. “ಹೌದಾ ಮಗಾ? ಸರಿ ನೋಡಿದ್ಯಾ? ನಂಗೆ ಎಂತದೂ ಇಲ್ವಾ?” ಎಂದು ಅವರಿಗೆ ಕೊಂಚ ಬೇಜಾರೇ ಆಯಿತು.

ಕೊನೆಗೆ ನಾನು. ಅವಳು ಪಟ್ಟಿ ಸುತ್ತಿ ಗಾಳಿ ತುಂಬಿದಳು. ಮುಳ್ಳು ಎಲ್ಲಿ ನಿಲ್ಲುತ್ತದೋ ಎಂದು ಕತ್ತು ಚಾಚಿದೆ. ಯಂತ್ರವನ್ನು ಆಚೆ ತಿರುಗಿಸಿದಳು.

“ಎಷ್ಟಿದೆ?”

“ಮಾತಾಡಬೇಡಿ ಖಾಲತಿ. ಮಾತಾಡಿದ್ರೆ ಏರುತ್ತೆ.”

“ಏರಿದೆಯಾ?”

“ಕಾಲು ಕೆಳಗಿಡಿ. ಉಸಿರು ನಿಧಾನಕ್ಕೆ ಬಿಡಿ.”

ಗಾಳಿ ಇಳಿಸಿದಳು. ಹುಬ್ಬು ಗಂಟಿಕ್ಕಿ ಕೇಳಿಸಿಕೊಂಡಳು. ಐದು ನಿಮಿಷ ನನ್ನನ್ನು ಸುಮ್ಮನೆ ಕೂರಿಸಿ, ಮತ್ತೊಮ್ಮೆ ತುಂಬಿ, ಮತ್ತೊಮ್ಮೆ ಇಳಿಸಿದಳು. ಆಮೇಲೆ ಪುಸ್ತಕದ ಮೇಲೆ ಎಡಗೈ ಅಡ್ಡ ಹಿಡಿದು, ಪಕ್ಕದವರು ನಕಲು ಮಾಡದಂತೆ ಮಕ್ಕಳು ಪರೀಕ್ಷೆಯಲ್ಲಿ ಬರೆಯುವ ಹಾಗೆ, ಎರಡು ಸಂಖ್ಯೆ ಬರೆದಳು.

“ಸರಿಯಾಗಿದೆ” ಎಂದಳು. “ಏನಾದ್ರೂ ಇದ್ದಿದ್ರೆ ಹೇಳ್ತಿದ್ದೆ.”

ಪುಸ್ತಕವನ್ನು ಮೇಜಿನ ಮೇಲೆ, ನನ್ನ ಕೈಗೆ ಎಟುಕುವಷ್ಟು ಹತ್ತಿರ, ತೆರೆದೇ ಬಿಟ್ಟು ಕೈ ತೊಳೆಯಲು ಒಳಗೆ ಹೋದಳು. ನಾನು ಗೋಳಿಬಜೆಯ ತಟ್ಟೆಯನ್ನು ಈ ಕಡೆ ಎಳೆದುಕೊಂಡೆ.